ಗೋಡೆಗೆ ಟಿವಿ: ತೂತು ಕೊರೆಯುವ ಮೊದಲು ಎತ್ತರ ಗೊತ್ತು ಮಾಡುವ ಕ್ರಮ

ಟಿವಿಯನ್ನು ಎಷ್ಟು ಎತ್ತರಕ್ಕೆ ಹಾಕಿಸಬೇಕು ಎಂದು ಜನ ನನ್ನನ್ನು ಕೇಳುವುದು ಹೆಚ್ಚಾಗಿ ಹಾಕಿಸಿಯಾದ ಮೇಲೆ. ಅಷ್ಟರಲ್ಲಿ ಗೋಡೆಗೆ ನಾಲ್ಕು ತೂತು ಬಿದ್ದಿರುತ್ತದೆ, ಹದಿನೈದು ದಿನ ಕಳೆದಿರುತ್ತದೆ, ಮನೆಯಲ್ಲಿ ಯಾರಿಗಾದರೂ ಕತ್ತು ಹಿಡಿದುಕೊಂಡಿರುತ್ತದೆ. ಹೋಗಿ ನೋಡಿದರೆ ಎಲ್ಲ ಕಡೆಯೂ ಒಂದೇ ತಪ್ಪು: ಟಿವಿ ಒಂದೂವರೆ ಅಡಿ ಮೇಲಿದೆ.

ಕಾರಣವೂ ಎಲ್ಲ ಕಡೆ ಒಂದೇ. ಟಿವಿ ಜೋಡಿಸಲು ಬಂದ ಹುಡುಗ ಬ್ರಾಕೆಟ್ಟನ್ನು ಗೋಡೆಗೆ ಒತ್ತಿ ಹಿಡಿದು, "ಇಷ್ಟು ಎತ್ತರ ಸಾಕಾ ಸರ್?" ಎಂದು ಕೇಳುತ್ತಾನೆ. ಅವನೂ ನಿಂತಿದ್ದಾನೆ, ನೀವೂ ನಿಂತಿದ್ದೀರಿ. ನಿಂತವರ ಕಣ್ಣು ನೆಲದಿಂದ ಸುಮಾರು 150 ಸೆಂಟಿಮೀಟರ್ ಮೇಲಿರುತ್ತದೆ, ಸೋಫಾದಲ್ಲಿ ಕುಳಿತವರದ್ದು 105ರ ಆಸುಪಾಸು. ನಿಂತು "ಸರಿ" ಎಂದ ಎತ್ತರವನ್ನು ಮುಂದಿನ ಎಂಟು ವರ್ಷ ಕುಳಿತು ನೋಡಬೇಕಾಗುತ್ತದೆ. ನನ್ನ ಮನೆಯಲ್ಲೂ ಹೀಗೇ ಆಗಿತ್ತು. ಹಳೆಯ ದೇವರ ಪಟದ ಮೊಳೆ ಇದ್ದ ಜಾಗ ಖಾಲಿ ಕಾಣುತ್ತದೆ ಎಂದು ಟಿವಿಯನ್ನು ಅಲ್ಲಿಗೇ ಏರಿಸಿದ್ದೆವು. ಪಟಕ್ಕೆ ತಲೆಯೆತ್ತಿ ಕೈಮುಗಿಯುವುದು ಒಂದು ಗಳಿಗೆಯ ಕೆಲಸ, ಧಾರಾವಾಹಿ ಹಾಗಲ್ಲ ಎಂಬುದು ಅಮ್ಮನ ಕತ್ತು ನೋಯಲು ಶುರುವಾದ ಮೇಲೆ ಹೊಳೆಯಿತು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಅಳತೆ ಸರಿಯಿದ್ದರೂ ಟಿವಿ ತಪ್ಪು ಜಾಗಕ್ಕೆ ಹೋಗುತ್ತದೆ.

## ಮೊದಲು ಕೈಗೆ ಇಟ್ಟುಕೊಳ್ಳಬೇಕಾದವು

ಎತ್ತರ ಗೊತ್ತು ಮಾಡಲು ಅಳತೆ ಟೇಪು, ಪೆನ್ಸಿಲ್, ಹಳೆಯ ದಿನಪತ್ರಿಕೆ, ಬಣ್ಣ ಕೀಳದ ಮಾಸ್ಕಿಂಗ್ ಟೇಪು, ಅಂಗೈ ಅಗಲದ ಕನ್ನಡಿ, ಜೊತೆಗೆ ಅಳೆಯಲು ಇನ್ನೊಬ್ಬರು ಇದ್ದರೆ ಸಾಕು. ಕೊರೆಯುವ ದಿನಕ್ಕೆ ರಸಮಟ್ಟ (ಸ್ಪಿರಿಟ್ ಲೆವೆಲ್), ಹ್ಯಾಮರ್ ಡ್ರಿಲ್, ಬ್ರಾಕೆಟ್ಟಿನ ಜೊತೆ ಬಂದ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಗ್ಗಿನ ಅಳತೆಗೆ ಸರಿಯಾದ ಬಿಟ್ (ಹೆಚ್ಚಾಗಿ 10 ಮಿಲಿಮೀಟರ್), ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಬೇಕು.

ಟೇಪಿನ ಸೆಂಟಿಮೀಟರ್ ಬದಿಯನ್ನೇ ಬಳಸಿ. ಬಡಗಿ, ಎಲೆಕ್ಟ್ರಿಷಿಯನ್ ಇಬ್ಬರೂ ಅಡಿ, ಇಂಚು, ನೂಲು ಎನ್ನುತ್ತಾರೆ. ಮೂರು ಜನ ಕೂಡಿದರೆ ಮೂರು ಉತ್ತರ ಬರುತ್ತದೆ.

## ಹಂತ 1: ಸೋಫಾದ ಜಾಗ ಮೊದಲು, ಟಿವಿಯ ಜಾಗ ಆಮೇಲೆ

ಹಾಲ್‌ನಲ್ಲಿ ಸೋಫಾ, ದಿವಾನ, ಕುರ್ಚಿಗಳು ಕೊನೆಗೆ ಎಲ್ಲಿರುತ್ತವೋ ಅಲ್ಲೇ ಇಡಿ. ಹೊಸ ಸೋಫಾ ಮುಂದಿನ ತಿಂಗಳು ಬರುವುದಾದರೆ ಟಿವಿಯನ್ನು ಅಲ್ಲಿಯವರೆಗೆ ಅದರ ಸ್ಟ್ಯಾಂಡಿನ ಮೇಲೇ ನಿಲ್ಲಿಸಿಕೊಳ್ಳಿ. ಹಳೆಯ ಮರದ ಸೋಫಾಕ್ಕೂ ಹೊಸ ಮೆತ್ತನೆಯ ಸೋಫಾಕ್ಕೂ ಕಣ್ಣಿನ ಎತ್ತರದಲ್ಲಿ ಒಂದು ಗೇಣು ವ್ಯತ್ಯಾಸ ಬರುವುದನ್ನು ನಾನೇ ಅಳೆದು ನೋಡಿದ್ದೇನೆ.

ಈಗ ಕುಳಿತವರ ಕಣ್ಣಿನಿಂದ ಟಿವಿಯ ಗೋಡೆಗೆ ಇರುವ ದೂರವನ್ನು ಅಳೆದು ಬರೆದುಕೊಳ್ಳಿ. ಗೋಡೆಯಿಂದ ಗೋಡೆಗೆ ಅಳೆದರೆ ತಪ್ಪಾಗುತ್ತದೆ. ಹತ್ತು ಅಡಿಯ ಹಾಲ್‌ನಲ್ಲಿ ಸೋಫಾದ ಬೆನ್ನು ಮತ್ತು ದಿಂಬು ತಿಂದು, ಕಣ್ಣಿನಿಂದ ಗೋಡೆಗೆ ಉಳಿಯುವುದು ಸುಮಾರು 240 ಸೆಂಟಿಮೀಟರ್. ಈ ಸಂಖ್ಯೆ ನಾಲ್ಕನೆಯ ಹಂತಕ್ಕೆ ಬೇಕು.

## ಹಂತ 2: ಕುಳಿತ ಕಣ್ಣಿನ ಎತ್ತರ ಅಳೆಯಿರಿ

ಕುಳಿತ ತಕ್ಷಣ ಅಳೆಯಬೇಡಿ. ಅಳತೆ ಕೊಡಲು ಕುಳಿತವರೆಲ್ಲ ಫೋಟೊ ತೆಗೆಸಿಕೊಳ್ಳುವವರಂತೆ ಬೆನ್ನು ನೆಟ್ಟಗೆ ಮಾಡುತ್ತಾರೆ. ಕಾಫಿ ಕೊಟ್ಟು ಹತ್ತು ನಿಮಿಷ ಮಾತನಾಡಿಸಿ. ಬೆನ್ನು ಜಾರುತ್ತದೆ, ಸೀಟು ಕುಸಿಯುತ್ತದೆ. ಆಗ ನೆಲದಿಂದ ಕಣ್ಣಿನ ಹೊರತುದಿಯವರೆಗೆ ನೇರವಾಗಿ ಅಳೆಯಿರಿ.

ನಿಮ್ಮ ಅಳತೆ ಎಲ್ಲೋ ತಪ್ಪಿದೆಯೇ ಎಂದು ಹೋಲಿಸಿ ನೋಡಲು ಅಂದಾಜು ಹೀಗಿದೆ: ಚಾಪೆಯ ಮೇಲೆ ಕುಳಿತ ದೊಡ್ಡವರಿಗೆ 70ರಿಂದ 75 ಸೆಂಟಿಮೀಟರ್, ಮೆತ್ತನೆಯ ಸೋಫಾದಲ್ಲಿ 100ರಿಂದ 108, ಪ್ಲಾಸ್ಟಿಕ್ ಕುರ್ಚಿ, ಮರದ ಕುರ್ಚಿ ಅಥವಾ ಗಟ್ಟಿ ಹಾಸಿಗೆಯ ದಿವಾನದ ಮೇಲೆ 112ರಿಂದ 118. ನಿಮ್ಮ ಸಂಖ್ಯೆ ಇದಕ್ಕಿಂತ ಹತ್ತು ಸೆಂಟಿಮೀಟರಿಗೂ ಹೆಚ್ಚು ದೂರವಿದ್ದರೆ ಇನ್ನೊಮ್ಮೆ ಅಳೆಯಿರಿ. ಟೇಪು ಓರೆಯಾಗಿರುವ ಸಾಧ್ಯತೆಯೇ ಹೆಚ್ಚು.

## ಹಂತ 3: ಯಾರ ಕಣ್ಣು ಲೆಕ್ಕಕ್ಕೆ?

ನಮ್ಮ ಮನೆಗಳ ತೊಡಕು ಇಲ್ಲಿದೆ. ಅಜ್ಜಿ ಎತ್ತರದ ಕುರ್ಚಿಯಲ್ಲಿ, ಮಗ ಸೊಸೆ ಸೋಫಾದಲ್ಲಿ, ಮಕ್ಕಳು ಚಾಪೆಯ ಮೇಲೆ. ಮೂರು ಸಾಲು, ಮೂರು ಎತ್ತರ. ಮೂರನ್ನೂ ಕೂಡಿಸಿ ಭಾಗಿಸಿದರೆ ಯಾರಿಗೂ ಹೊಂದದ ಎತ್ತರ ಸಿಗುತ್ತದೆ.

ದಿನಕ್ಕೆ ಹೆಚ್ಚು ಹೊತ್ತು ಟಿವಿ ನೋಡುವವರ ಕಣ್ಣನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ಮನೆಯ ಯಜಮಾನ ಹಾಕಿಸುತ್ತಾನೆ, ಅವನು ನೋಡುವುದು ರಾತ್ರಿಯ ಸುದ್ದಿ ಮತ್ತು ಐಪಿಎಲ್ ಇದ್ದಾಗ ಕ್ರಿಕೆಟ್ಟು. ಮಧ್ಯಾಹ್ನದಿಂದ ಟಿವಿಯ ಮುಂದಿರುವವರು ಬೇರೆ. ಇಬ್ಬರು ಸಮಸಮ ಎಂದಾದರೆ ಕಡಿಮೆ ಎತ್ತರದಲ್ಲಿ ಕೂರುವವರ ಕಡೆಗೆ ವಾಲಿ. ಸ್ವಲ್ಪ ಕೆಳಗೆ ನೋಡುವುದು ಕತ್ತಿಗೆ ಸಹಜ, ತಲೆಯೆತ್ತಿ ನೋಡುವುದು ಸಹಜವಲ್ಲ.

ಚಾಪೆಯವರ ಸಮಸ್ಯೆ ಎತ್ತರದ್ದಷ್ಟೇ ಅಲ್ಲ, ಅವರು ಟಿವಿಗೆ ಹತ್ತಿರವೂ ಇರುತ್ತಾರೆ. ಅವರಿಗಾಗಿ ಟಿವಿ ಇಳಿಸುವ ಬದಲು ಚಾಪೆಯನ್ನು ಸೋಫಾದ ಕಾಲಿನವರೆಗೆ ಹಿಂದಕ್ಕೆ ಸರಿಸಿ, ಸೋಫಾಕ್ಕೇ ಬೆನ್ನು ಕೊಟ್ಟು ಕೂರಲು ಹೇಳಿ. ಅರ್ಧ ಸಮಸ್ಯೆ ಮುಗಿಯುತ್ತದೆ. ಆದರೆ ಮನೆಮಂದಿಯೆಲ್ಲ ನೆಲದ ಮೇಲೇ ಕೂರುವ ರೂಢಿಯಿದ್ದರೆ ನೆಲದ ಕಣ್ಣನ್ನೇ ಹಿಡಿಯಿರಿ. ಟಿವಿ ಬಹಳ ಕೆಳಗಿದೆ ಎಂದು ಬಂದ ನೆಂಟರು ನಕ್ಕರೆ ನಗಲಿ.

ತೆವಳುವ ಮಗು ಇದೆ, ಕೈಗೆ ಸಿಗಬಾರದು ಎಂದು ಟಿವಿ ಏರಿಸುವವರಿದ್ದಾರೆ. ಮಗು ಎರಡು ವರ್ಷದಲ್ಲಿ ದೊಡ್ಡದಾಗುತ್ತದೆ, ಟಿವಿ ಮಾತ್ರ ಅಲ್ಲೇ ಉಳಿಯುತ್ತದೆ. ಕೆಳಗಿನಿಂದ ಲಾಕ್ ಆಗುವ ಬ್ರಾಕೆಟ್ ಹಾಕಿಸಿ, ಟಿವಿಯ ಕೆಳಗೆ ಮಗು ಹತ್ತಬಹುದಾದ ಸ್ಟೂಲು ಇಡಬೇಡಿ.

## ಹಂತ 4: ಕೆಳ ಅಂಚು, ಮೇಲಿನ ಅಂಚು

ಟಿವಿಯ ಇಂಚು ಎಂದರೆ ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. ನಮಗೆ ಬೇಕಾದುದು ಎತ್ತರ. ಪರದೆಯ ಎತ್ತರ 32 ಇಂಚಿನ ಟಿವಿಗೆ ಸುಮಾರು 40 ಸೆಂಟಿಮೀಟರ್, 43ಕ್ಕೆ 54, 50ಕ್ಕೆ 62, 55ಕ್ಕೆ 68, 65ಕ್ಕೆ 81, 75ಕ್ಕೆ 93. ಚೌಕಟ್ಟು ಸೇರಿದರೆ ಇನ್ನೂ ಎರಡು ಮೂರು ಸೆಂಟಿಮೀಟರ್. ಟಿವಿ ಮನೆಗೆ ಬಂದಿದ್ದರೆ ಟೇಪು ಹಿಡಿದೇ ಅಳೆಯಿರಿ.

ಕುಳಿತವರ ಕಣ್ಣಿನ ಗೆರೆ ಟಿವಿಯ ಮಧ್ಯಕ್ಕೂ, ಕೆಳಗಿನಿಂದ ಮೂರನೇ ಒಂದು ಭಾಗಕ್ಕೂ ನಡುವೆ ಎಲ್ಲಾದರೂ ಬೀಳಬೇಕು. ಇದಿಷ್ಟೇ ಮುಖ್ಯ ಸೂತ್ರ.

ಲೆಕ್ಕ ಮಾಡಿ ನೋಡೋಣ. ಕಣ್ಣಿನ ಎತ್ತರ 104, ಟಿವಿ 55 ಇಂಚಿನದು, ಚೌಕಟ್ಟು ಸೇರಿ ಎತ್ತರ 71. ಕಣ್ಣಿನ ಗೆರೆ ಮಧ್ಯಕ್ಕೆ ಬರಬೇಕಾದರೆ 71ರ ಅರ್ಧ 35.5ನ್ನು 104ರಿಂದ ಕಳೆಯಿರಿ: ಕೆಳ ಅಂಚು 68.5. ಮೂರನೇ ಒಂದು ಭಾಗಕ್ಕೆ ಬರಬೇಕಾದರೆ 71ರಲ್ಲಿ ಮೂರನೇ ಒಂದು ಭಾಗ, ಅಂದರೆ 24ನ್ನು ಕಳೆಯಿರಿ: ಕೆಳ ಅಂಚು 80. ಹಾಗಾದರೆ ಈ ಮನೆಯಲ್ಲಿ ಟಿವಿಯ ಕೆಳ ಅಂಚು ನೆಲದಿಂದ 68ರಿಂದ 80ರ ಒಳಗೆ ಎಲ್ಲಿದ್ದರೂ ಸರಿ. ಹನ್ನೆರಡು ಸೆಂಟಿಮೀಟರಿನ ಸಡಿಲು ಸಿಕ್ಕಿತು. ಕೆಳಗಿನ ಕ್ಯಾಬಿನೆಟ್, ಸೌಂಡ್‌ಬಾರ್, ಸಾಕೆಟ್‌ಗಳ ಜೊತೆ ಹೊಂದಿಸಿಕೊಳ್ಳಲು ಇದು ಸಾಕು.

ಇನ್ನು ಮೇಲಿನ ಅಂಚಿಗೆ ಒಂದು ಮಿತಿ. ಒಂದನೆಯ ಹಂತದಲ್ಲಿ ಅಳೆದ ದೂರದ ಕಾಲು ಭಾಗ ತೆಗೆದುಕೊಳ್ಳಿ. ಟಿವಿಯ ಮೇಲಿನ ಅಂಚು ಕಣ್ಣಿನ ಮಟ್ಟದಿಂದ ಅಷ್ಟಕ್ಕಿಂತ ಮೇಲೆ ಹೋಗಬಾರದು. ಹಾಗಿದ್ದರೆ ನೋಟ ಸುಮಾರು 14 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ, ತಲೆ ಅಲ್ಲಾಡಿಸದೆ ಕಣ್ಣೊಂದನ್ನೇ ಎತ್ತಿದರೆ ಸಾಕಾಗುತ್ತದೆ. 240ರ ಕಾಲು ಭಾಗ 60. 104ಕ್ಕೆ ಕೂಡಿಸಿದರೆ 164. ನಮ್ಮ ಲೆಕ್ಕದ ಟಿವಿಯ ಮೇಲಿನ ಅಂಚು ಅತಿ ಹೆಚ್ಚೆಂದರೆ 151. ಮಿತಿಯೊಳಗೇ ಇದೆ.

ಇದೇ ಟಿವಿಯನ್ನು ಹಲವರು ಹಾಕಿಸುವಂತೆ ಕೆಳ ಅಂಚೇ ಐದು ಅಡಿಗೆ ಬರುವ ಹಾಗೆ ತೂಗುಹಾಕಿದರೆ ಮೇಲಿನ ಅಂಚು 223ಕ್ಕೆ ಹೋಗುತ್ತದೆ, ಕಣ್ಣಿಗಿಂತ 119 ಸೆಂಟಿಮೀಟರ್ ಮೇಲೆ. ಅಲ್ಲಿಗೆ ನೋಟ 26 ಡಿಗ್ರಿ ಏರಬೇಕು. ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ ಟಿವಿ ಹಾಗೆ ಇರುತ್ತದೆ ನಿಜ. ಅಲ್ಲಿ ಜನರ ತಲೆಗಳ ಮೇಲಿಂದ ಕಾಣಬೇಕು, ಯಾರೂ ಎರಡು ಗಂಟೆ ಕೂತು ನೋಡುವುದಿಲ್ಲ.

ಟಿವಿ ದೊಡ್ಡದಾದಷ್ಟೂ ಮೇಲೆ ಹಾಕಬೇಕು ಎಂಬುದು ತಪ್ಪು ತಿಳಿವಳಿಕೆ. ದೊಡ್ಡದಾದಷ್ಟೂ ಕೆಳ ಅಂಚು ಕೆಳಗಿಳಿಯುತ್ತದೆ. ಬೇಕಿದ್ದರೆ ಮೇಲಿನ ಲೆಕ್ಕವನ್ನು 75 ಇಂಚಿಗೆ ಮಾಡಿ ನೋಡಿ.

## ಹಂತ 5: ಎರಡು ದಿನ ಪೇಪರ್ ಟಿವಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ.

ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಟಿವಿಯ ಅಗಲ, ಎತ್ತರಕ್ಕೆ ಸರಿಯಾಗಿ ಕತ್ತರಿಸಿ. ಲೆಕ್ಕದ ಎತ್ತರದಲ್ಲಿ ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಹಚ್ಚಿ, ಎರಡು ಸಂಜೆ ಹಾಗೇ ಬಿಡಿ. ಮೊದಲ ಅರ್ಧ ಗಂಟೆ ಮನೆಯವರೆಲ್ಲ "ಅಯ್ಯೋ, ತೀರಾ ಕೆಳಗಾಯಿತು" ಎನ್ನುತ್ತಾರೆ. ಎಲ್ಲರೂ ನಿಂತೇ ಹೇಳುತ್ತಿರುತ್ತಾರೆ ಎಂಬುದನ್ನು ಗಮನಿಸಿ. ಕುಳಿತು ಹೇಳಿದ ಅಭಿಪ್ರಾಯ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪೇಪರ್ ಗೋಡೆಯ ಮೇಲಿರುವಾಗ ಮನೆಯೊಳಗೆ ಓಡಾಡಿ. ಬಾಗಿಲು, ಬೀರುವಿನ ಬಾಗಿಲು, ಕಿಟಕಿಯ ರೆಕ್ಕೆ ತೆರೆದಾಗ ಪೇಪರಿಗೆ ತಾಗುತ್ತದೆಯೇ? ಟೀಪಾಯಿಯ ಮೇಲೆ ನೀರಿನ ಬಾಟಲಿ ಇಟ್ಟರೆ ಪೇಪರಿನ ಕೆಳಭಾಗ ಮರೆಯಾಗುತ್ತದೆಯೇ? ಅಡುಗೆಮನೆಯ ಕಟ್ಟೆಯಿಂದ ಕಾಣುತ್ತದೆಯೇ?

ಈಗ ಕನ್ನಡಿ ತೆಗೆದುಕೊಳ್ಳಿ. ಒಬ್ಬರು ಅದನ್ನು ಪೇಪರಿನ ಮೇಲೆ ಗೋಡೆಗೆ ಚಪ್ಪಟೆಯಾಗಿ ಒತ್ತಿ ಹಿಡಿದು ಮೂಲೆಯಿಂದ ಮೂಲೆಗೆ ಸರಿಸಲಿ, ನೀವು ಸೋಫಾದಲ್ಲಿ ಕುಳಿತು ನೋಡಿ. ಕನ್ನಡಿಯಲ್ಲಿ ಟ್ಯೂಬ್‌ಲೈಟ್ ಅಥವಾ ಕಿಟಕಿ ಕಂಡರೆ ನಾಳೆ ಟಿವಿಯಲ್ಲೂ ಅದೇ ಕಾಣುತ್ತದೆ. ಕನ್ನಡಿಯ ಮೇಲಂಚನ್ನು ಮುಂದಕ್ಕೆ ಸ್ವಲ್ಪ ಬಾಗಿಸಿದರೆ ದೀಪ ಮಾಯವಾಗುತ್ತದೆಯೇ ನೋಡಿ. ಮಾಯವಾದರೆ ಬಾಗುವ ಬ್ರಾಕೆಟ್ ಕೊಳ್ಳಿ. ಆಗದಿದ್ದರೆ ದೀಪದ ಜಾಗ ಬದಲಿಸುವುದೋ ಕಿಟಕಿಗೆ ಪರದೆ ಹಾಕುವುದೋ ಯೋಚಿಸಿ. ಬೆಳಕಿನಿಂದ ತಪ್ಪಿಸಿಕೊಳ್ಳಲೆಂದು ಟಿವಿಯನ್ನು ಮೇಲಕ್ಕೆ ಏರಿಸಬೇಡಿ. ಹಾಗೆ ಮಾಡಿದರೆ ಕಿಟಕಿ ಹೋಗಿ ಟ್ಯೂಬ್‌ಲೈಟ್ ಬರುತ್ತದೆ.

## ಹಂತ 6: ಕೆಳಗಿರುವ ಸಾಮಾನು, ಹಿಂದಿರುವ ಸಾಕೆಟ್

ಕ್ಯಾಬಿನೆಟ್ಟಿನ ಎತ್ತರಕ್ಕೆ ಸೌಂಡ್‌ಬಾರಿನ ಎತ್ತರ, ಅದರ ಮೇಲೆ ಐದು ಸೆಂಟಿಮೀಟರ್ ಕೂಡಿಸಿ. ಟಿವಿಯ ಕೆಳ ಅಂಚು ಇದಕ್ಕಿಂತ ಕೆಳಗೆ ಬರುವಂತಿಲ್ಲ. 45ರ ಕ್ಯಾಬಿನೆಟ್, 7ರ ಸೌಂಡ್‌ಬಾರ್ ಎಂದಾದರೆ 57. ನಮ್ಮ ಲೆಕ್ಕಕ್ಕೆ ಅಡ್ಡಿಯಿಲ್ಲ. ಎದೆಮಟ್ಟದ ಹಳೆಯ ಶೋಕೇಸ್ ಕೆಳಗಿದ್ದರೆ ಅದನ್ನು ಬೇರೆ ಗೋಡೆಗೆ ಸಾಗಿಸಿ. ಗೊಂಬೆ, ಪಾರಿತೋಷಕಗಳಿಗಾಗಿ ಟಿವಿ ಏರಿಸಿದ ಮನೆಗಳನ್ನು ನೋಡಿದ್ದೇನೆ.

ಗೋಡೆಗೆ ಅಂಟಿಕೊಂಡಂತೆ ಕೂರುವ ಬ್ರಾಕೆಟ್‌ಗಳಲ್ಲಿ ಟಿವಿಗೂ ಗೋಡೆಗೂ ಎರಡು ಮೂರು ಸೆಂಟಿಮೀಟರ್ ಜಾಗ ಇರುತ್ತದೆ. ಸಾಕೆಟ್ಟಿಗೆ ಚುಚ್ಚಿದ ಪ್ಲಗ್ ಅದಕ್ಕಿಂತ ಹೆಚ್ಚು ಮುಂದೆ ಚಾಚುತ್ತದೆ. ಆದ್ದರಿಂದ ಸಾಕೆಟ್ ಟಿವಿಯ ಬೆನ್ನಿನ ಉಬ್ಬಿದ ಭಾಗದ ಹಿಂದೆ ಬಂದರೆ ಟಿವಿ ಕೂರುವುದೇ ಇಲ್ಲ. ಪೇಪರಿನ ಮೇಲೆ ಸಾಕೆಟ್ ಎಲ್ಲಿ ಬರುತ್ತದೆ ಎಂದು ಗುರುತು ಮಾಡಿ, ಟಿವಿಯ ಬೆನ್ನಿನ ಜೊತೆ ಹೋಲಿಸಿ.

ಗೃಹಪ್ರವೇಶಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಕೊಟ್ಟ ಟಿವಿ ಪಾಯಿಂಟ್ ಐದೂವರೆ ಅಡಿಯಲ್ಲಿದೆ, ಹಾಗಾಗಿ ಟಿವಿಯೂ ಅಲ್ಲೇ ಇರಬೇಕು ಎಂದುಕೊಳ್ಳುವವರು ಬಹಳ. ಸಾಕೆಟ್ ಇಳಿಸುವುದು ಅರ್ಧ ದಿನದ ಕೆಲಸ, ಒಂದು ಮೂಲೆ ಬಣ್ಣ. ಅದೂ ಬೇಡವಾದರೆ ಗೋಡೆಯ ಮೇಲೆ ಪಿವಿಸಿ ಪಟ್ಟಿ ಹೊಡೆಸಿ ತಂತಿ ಇಳಿಸಿ, ಅದೇ ಬಣ್ಣ ಬಳಿಯಿರಿ.

## ಹಂತ 7: ಎತ್ತರವನ್ನು ತೂತಿನ ಗುರುತಾಗಿ ಬದಲಿಸುವುದು

ಎಲ್ಲ ಸರಿಯಾಗಿ ಅಳೆದವರೂ ಎಡವುವ ಜಾಗ ಇದು. ನಾವು ಗೊತ್ತು ಮಾಡಿದ್ದು ಟಿವಿಯ ಕೆಳ ಅಂಚನ್ನು. ಗೋಡೆಯಲ್ಲಿ ಕೊರೆಯುವುದು ಬ್ರಾಕೆಟ್ಟಿನ ತೂತನ್ನು. ಎರಡರ ನಡುವಿನ ದೂರ ಪ್ರತಿಯೊಂದು ಟಿವಿಗೂ ಪ್ರತಿಯೊಂದು ಬ್ರಾಕೆಟ್ಟಿಗೂ ಬೇರೆ. ಬ್ರಾಕೆಟ್ ಟಿವಿಯ ನಟ್ಟನಡುವೆ ಬರುತ್ತದೆ ಎಂದು ಊಹಿಸಿ ಕೊರೆದರೆ ಹತ್ತು ಹದಿನೈದು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಟಿವಿಯ ಬೆನ್ನಿನ ನಾಲ್ಕು ಸ್ಕ್ರೂ ತೂತುಗಳು ಅನೇಕ ಮಾದರಿಗಳಲ್ಲಿ ಮಧ್ಯಕ್ಕಿಂತ ಕೆಳಗಿರುತ್ತವೆ.

ಊಹೆ ಬೇಡ, ಹೀಗೆ ಮಾಡಿ. ಬ್ರಾಕೆಟ್ಟಿನ ಎರಡು ಉದ್ದ ಪಟ್ಟಿಗಳನ್ನು ಟಿವಿಯ ಬೆನ್ನಿಗೆ ಬಿಗಿಯಿರಿ. ಟಿವಿಯನ್ನು ಅದರ ಪೆಟ್ಟಿಗೆಯ ಥರ್ಮಾಕೋಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಬ್ಬರು ಹಿಡಿದುಕೊಳ್ಳಲಿ. ಗೋಡೆಗೆ ಹೋಗಬೇಕಾದ ತಗಡಿನ ಫಲಕವನ್ನು ಆ ಪಟ್ಟಿಗಳ ಕೊಕ್ಕೆಗೆ, ಗೋಡೆಯಲ್ಲಿ ಕೂರುವ ಹಾಗೆಯೇ ಸಿಕ್ಕಿಸಿ. ಈಗ ಟಿವಿಯ ಕೆಳ ಅಂಚಿನಿಂದ ಫಲಕದಲ್ಲಿ ನೀವು ಸ್ಕ್ರೂ ಹಾಕಲಿರುವ ತೂತಿನ ಮಧ್ಯದವರೆಗೆ ಅಳೆಯಿರಿ. ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಫಲಕದಲ್ಲಿ ತೂತಿನ ಸಾಲು ಎರಡಿರುತ್ತವೆ. ಯಾವ ಸಾಲನ್ನು ಅಳೆದಿರಿ ಎಂಬುದನ್ನೂ ಬರೆಯಿರಿ.

ಕೆಳ ಅಂಚಿನ ಎತ್ತರಕ್ಕೆ ಈ ಸಂಖ್ಯೆ ಕೂಡಿಸಿ. ಕೆಳ ಅಂಚು 78, ಅಳತೆ 43 ಎಂದಾದರೆ ಗೋಡೆಯ ಗುರುತು 121ಕ್ಕೆ.

ಎರಡು ಎಚ್ಚರಿಕೆ. ಟಿವಿಯನ್ನು ಕೊಕ್ಕೆಗೆ ಸಿಕ್ಕಿಸುವಾಗ ಮೊದಲು ಎರಡು ಮೂರು ಸೆಂಟಿಮೀಟರ್ ಮೇಲೆತ್ತಿ ಆಮೇಲೆ ಇಳಿಸಬೇಕು. ಮೇಲೆ ಸಜ್ಜಾ ಅಥವಾ ಮರದ ಅಟ್ಟ ಇದ್ದರೆ ಆ ಜಾಗ ಬಿಟ್ಟುಕೊಂಡಿದ್ದೀರಾ ನೋಡಿ. ಇನ್ನೊಂದು, ಟಿವಿಯ ಬೆನ್ನಿಗೆ ಅದರ ಕೈಪಿಡಿಯಲ್ಲಿ ಹೇಳಿದ ಉದ್ದದ ಸ್ಕ್ರೂಗಳನ್ನೇ ಹಾಕಿ. ಉದ್ದ ಹೆಚ್ಚಾದರೆ ಒಳಗಿನ ಭಾಗಕ್ಕೆ ಚುಚ್ಚುತ್ತದೆ. ಸ್ಕ್ರೂ ಸಲೀಸಾಗಿ ಹೋಗಿ ಕೊನೆಗೆ ಗಟ್ಟಿಯಾಗಬೇಕು, ಮಧ್ಯದಲ್ಲೇ ಗಟ್ಟಿಯಾದರೆ ಅಳತೆಯೋ ಸ್ಕ್ರೂವಿನ ಸುರುಳಿ ಗೆರೆಯೋ ತಪ್ಪಾಗಿದೆ, ನಿಲ್ಲಿಸಿ.

## ಹಂತ 8: ಗೋಡೆ ಯಾವುದೆಂದು ತಿಳಿಯಿರಿ

ಮೊದಲು ಗೋಡೆಯೊಳಗಿನ ತಂತಿ. ಸ್ವಿಚ್‌ಬೋರ್ಡ್‌ನಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ಎರಡು ಬೋರ್ಡುಗಳ ನಡುವೆ ಅಡ್ಡಕ್ಕೆ ಪೈಪ್ ಹೋಗಿರುತ್ತದೆ ಎಂದೇ ಭಾವಿಸಿ. ಆ ಪಟ್ಟಿಯಲ್ಲಿ ಕೊರೆಯಬೇಡಿ. ಗೋಡೆಯ ಆ ಬದಿಗೆ ಬಚ್ಚಲುಮನೆ ಇದ್ದರೆ ನೀರಿನ ಪೈಪೂ ಇರಬಹುದು. ಕೊರೆಯುವಾಗ ಆ ಕೋಣೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಡ್ರಿಲ್ಲಿಗೆ ಪಕ್ಕದ ಕೋಣೆಯಿಂದ ಕರೆಂಟ್ ತನ್ನಿ.

ಇನ್ನು ಗೋಡೆಯ ಜಾತಿ. ಅದನ್ನು ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಮೊದಲ ಒಂದೂವರೆ ಸೆಂಟಿಮೀಟರ್ ಎಲ್ಲ ಗೋಡೆಯಲ್ಲೂ ಪ್ಲಾಸ್ಟರ್, ಬೂದು ಪುಡಿ. ಅದರಾಚೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಗಟ್ಟಿಯಾಗಿ ಬೂದು ಪುಡಿಯೇ ಮುಂದುವರಿದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟ್, ಇದರಷ್ಟು ನೆಮ್ಮದಿಯ ಗೋಡೆ ಬೇರೆ ಇಲ್ಲ. ಬೂದು ಪುಡಿ ಬರುತ್ತಿದ್ದಂತೆ ಡ್ರಿಲ್ ತಟಕ್ಕನೆ ಒಳಗೆ ಜಾರಿದರೆ ಹಾಲೋ ಬ್ಲಾಕ್. ಹಿಟ್ಟಿನಂತೆ ನುಣ್ಣನೆಯ ಬಿಳಿಬೂದು ಪುಡಿ ಸಲೀಸಾಗಿ ಸುರಿದರೆ ಎಎಸಿ ಬ್ಲಾಕ್ (ಒಳಗೆಲ್ಲ ಸಣ್ಣ ಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್), ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಹಳ ಕಡೆ ಇದೇ ಇದೆ. ಎಎಸಿಯಲ್ಲಿ ಹ್ಯಾಮರ್ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು, ಅದಕ್ಕೆಂದೇ ಬರುವ ನೈಲಾನ್ ಆಂಕರ್ ಹಾಕಬೇಕು. ಸಾಮಾನ್ಯ ಪ್ಲಗ್ ಕೆಲವೇ ದಿನಗಳಲ್ಲಿ ಸಡಿಲಾಗುತ್ತದೆ.

ದಕ್ಷಿಣ ಕನ್ನಡ, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮಾತ್ರ ಅಲ್ಲಲ್ಲಿ ಮೆತ್ತಗೆ. ಅಲ್ಲಿ ಉದ್ದದ ಪ್ಲಗ್ ಹಾಕಿ, ಎರಡರ ಬದಲು ನಾಲ್ಕು ಕಡೆ ಬಿಗಿಯಿರಿ. ಹಾಲೋ ಬ್ಲಾಕಿಗೆ ದಪ್ಪ ಪ್ಲೈವುಡ್ ಹಲಗೆಯನ್ನು ಹಲವು ಸ್ಕ್ರೂಗಳಿಂದ ಗೋಡೆಗೆ ಹರಡಿ ಬಿಗಿದು, ಬ್ರಾಕೆಟ್ಟನ್ನು ಹಲಗೆಗೆ ಹಾಕುವುದು ಕ್ಷೇಮ. ಮುಂದಕ್ಕೆ ಚಾಚಿ ತಿರುಗುವ ಕೈಯಿರುವ ಬ್ರಾಕೆಟ್ ಈ ಎರಡೂ ಗೋಡೆಗೆ ಬೇಡ. ಟಿವಿ ಮುಂದೆ ಚಾಚಿದಷ್ಟೂ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುತ್ತದೆ. ಮಲೆನಾಡಿನ ಹಳೆಯ ಮಣ್ಣಿನ ಗೋಡೆಗೆ ಟಿವಿ ತೂಗುಹಾಕಲೇಬೇಡಿ, ಗಟ್ಟಿ ಮೇಜಿನ ಮೇಲಿಡಿ.

ನಿಲ್ಲಿಸಬೇಕಾದ ಲಕ್ಷಣಗಳು: ಬಿಟ್ ಮುಂದೆ ಹೋಗದೆ ಲೋಹದ ಕೀರಲು ಸದ್ದು ಬಂದರೆ ಒಳಗೆ ಕಬ್ಬಿಣದ ಸರಳಿದೆ. ಪ್ಲಾಸ್ಟಿಕ್ಕಿನ ಸುರುಳಿ ಚೂರು ಬಂದರೆ ಪೈಪಿಗೆ ತಾಗಿದ್ದೀರಿ. ಪುಡಿ ಒದ್ದೆಯಾಗಿ ಬಂದರೆ ಗೋಡೆಯಲ್ಲಿ ತೇವವಿದೆ, ಟಿವಿಗೆ ಬೇರೆ ಗೋಡೆ ಹುಡುಕಿ.

## ಹಂತ 9: ಗುರುತು, ತೂತು, ತೂಗು

ನೆಲದಿಂದ ಒಂದೇ ಒಂದು ಗುರುತನ್ನು ಅಳೆಯಿರಿ, ಟಿವಿಯ ಅಗಲದ ಮಧ್ಯಗೆರೆಯ ಮೇಲೆ. ಉಳಿದ ಗುರುತುಗಳನ್ನು ರಸಮಟ್ಟ ಹಿಡಿದೇ ಎಳೆಯಿರಿ. ಎಡಕ್ಕೂ ಬಲಕ್ಕೂ ನೆಲದಿಂದಲೇ ಅಳೆದರೆ ನೆಲದ ಓರೆ ಟಿವಿಗೂ ಬರುತ್ತದೆ. ತೊಳೆದ ನೀರು ಹರಿಯಲಿ ಎಂದು ಬಾಗಿಲ ಕಡೆಗೆ ಇಳಿಜಾರು ಕೊಟ್ಟ ನೆಲ ಹಳೆಯ ಮನೆಗಳಲ್ಲಿ ಸಾಮಾನ್ಯ.

ಪ್ಲಗ್ಗಿನ ಉದ್ದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಆಳಕ್ಕೆ ಬಿಟ್ಟಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ನಾಲ್ಕು ಇಂಚಿನ ಗೋಡೆಯಲ್ಲಿ ಪಕ್ಕದ ಕೋಣೆಗೆ ಬಿಟ್ ಇಣುಕುವುದನ್ನು ಇದೇ ತಡೆಯುತ್ತದೆ. ತೂತಿನ ಕೆಳಗೆ ಹಳೆಯ ಲಗ್ನಪತ್ರಿಕೆಯ ಲಕೋಟೆಯನ್ನು ಬಾಯಿ ತೆರೆದು ಅಂಟಿಸಿದರೆ ಪುಡಿ ಅದರೊಳಗೇ ಬೀಳುತ್ತದೆ. ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು. ಪ್ಲಗ್ ಪ್ಲಾಸ್ಟರನ್ನು ದಾಟಿ ಇಟ್ಟಿಗೆ ಅಥವಾ ಬ್ಲಾಕಿನೊಳಗೆ ಕೂರಬೇಕು. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಸಡಿಲವಾದ ಪ್ಲಗ್ಗನ್ನು ನಂಬಬೇಡಿ. ಬೆಂಕಿಕಡ್ಡಿ ತುರುಕಿ ಬಿಗಿ ಮಾಡುವ ಉಪಾಯ ಕ್ಯಾಲೆಂಡರಿಗೆ ಆದೀತು, ಟಿವಿಗೆ ಬೇಡ.

ಫಲಕ ಬಿಗಿದ ಮೇಲೆ ಟಿವಿಗೆ ಮೊದಲು ಫಲಕವನ್ನೇ ಎರಡೂ ಕೈಯಿಂದ ಹಿಡಿದು ಕೆಳಕ್ಕೂ ಮುಂದಕ್ಕೂ ಜಗ್ಗಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಬಿಚ್ಚಿ ಸರಿಪಡಿಸಿ. ಎಚ್‌ಡಿಎಂಐ, ಡಿಟಿಎಚ್ ತಂತಿಗಳನ್ನು ತೂಗುಹಾಕುವ ಮೊದಲೇ ಟಿವಿಗೆ ಚುಚ್ಚಿಡಿ. 43 ಇಂಚಿಗಿಂತ ದೊಡ್ಡ ಟಿವಿಯನ್ನು ಒಬ್ಬರೇ ಎತ್ತಬೇಡಿ. ತೂಕ ಹೆಚ್ಚೆಂದಲ್ಲ, ಅಗಲದಿಂದಾಗಿ ಕೈಗೆ ಸಿಗುವುದಿಲ್ಲ, ಹೆಬ್ಬೆರಳು ಪರದೆಯ ಮೇಲೆ ಒತ್ತುತ್ತದೆ. ಎರಡೂ ಕೊಕ್ಕೆ ಕೂತ ಸದ್ದು ಕೇಳಿದ ಮೇಲೆ, ಕೆಳಗಿನ ಲಾಕ್ ಹಾಕಿದ ಮೇಲೆ ಕೈ ಬಿಡಿ.

## ಮಲಗುವ ಕೋಣೆಯ ಲೆಕ್ಕ ಬೇರೆ

ಮಂಚದ ಮೇಲೆ ಒರಗಿದಾಗ ಬೆನ್ನು ಹಿಂದಕ್ಕೆ ವಾಲಿರುತ್ತದೆ, ನೋಟ ತಾನೇ ಮೇಲಕ್ಕೆ ಏಳುತ್ತದೆ. ಇಲ್ಲಿ ಟಿವಿ ಸ್ವಲ್ಪ ಮೇಲಿರುವುದು ನ್ಯಾಯ. ಎಷ್ಟು ಮೇಲೆ ಎಂಬುದಕ್ಕೆ ನಾನು ಸೂತ್ರ ಕೊಡುವುದಿಲ್ಲ. ಎಂದಿನಂತೆ ದಿಂಬಿಟ್ಟು ಒರಗಿ, ಒಂದು ನಿಮಿಷ ಕಣ್ಣು ಮುಚ್ಚಿ, ತೆರೆಯಿರಿ. ತಲೆ ಅಲ್ಲಾಡಿಸದೆ ಎದುರು ಗೋಡೆಯಲ್ಲಿ ನೋಟ ಎಲ್ಲಿ ಬಿತ್ತೋ ಅಲ್ಲಿ ಇನ್ನೊಬ್ಬರು ಪೆನ್ಸಿಲ್ ಗುರುತು ಹಾಕಲಿ. ಮೂರು ಸಲ ಮಾಡಿ. ಟಿವಿಯ ಮಧ್ಯ ಅಲ್ಲಿಗೆ ಬರಲಿ. ಮೇಲಂಚು ಮುಂದಕ್ಕೆ ಬಾಗುವ ಬ್ರಾಕೆಟ್ ಇಲ್ಲಿ ಬೇಕೇ ಬೇಕು, ಪರದೆ ಮುಖಕ್ಕೆ ನೇರವಾಗಿರಲಿ.

ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವ ಹಿರಿಯರು ಇದ್ದರೆ ಪರೀಕ್ಷೆಯನ್ನು ಅವರಿಂದಲೇ ಕನ್ನಡಕ ಹಾಕಿಸಿ ಮಾಡಿಸಿ. ಆ ಕನ್ನಡಕದ ಕೆಳಭಾಗ ಓದುವುದಕ್ಕೆ, ಮೇಲ್ಭಾಗ ದೂರಕ್ಕೆ. ಒರಗಿದಾಗ ಟಿವಿ ಕೆಳಗಿದ್ದರೆ ಓದುವ ಭಾಗದಿಂದ ನೋಡಬೇಕಾಗಿ ಎಲ್ಲ ಮಸುಕು ಮಸುಕು. ಟಿವಿ ಕೆಟ್ಟಿದೆ ಎಂದು ಅವರು ರಿಮೋಟನ್ನು ಬಡಿಯುತ್ತಿರುತ್ತಾರೆ.

## ಮನೆ ಇನ್ನೂ ಕಟ್ಟುತ್ತಿದ್ದರೆ

ಗೋಡೆ ಸೀಳಿ ಪೈಪ್ ಹೂಳುವ ಮೊದಲೇ ಎತ್ತರ ಹೇಳಿ. ಆ ಹೊತ್ತಿಗೆ ಟೈಲ್ಸ್ ಬಿದ್ದಿರುವುದಿಲ್ಲ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ನೆಲ ಎಷ್ಟು ಏರುತ್ತದೆ ಎಂದು ಮೇಸ್ತ್ರಿಯನ್ನು ಕೇಳಿ, ಅದನ್ನು ಕೂಡಿಸಿಯೇ ಗುರುತು ಮಾಡಿಸಿ. ಟಿವಿಯ ಹಿಂದಿನಿಂದ ಕ್ಯಾಬಿನೆಟ್ಟಿನ ಮಟ್ಟದವರೆಗೆ ಎರಡು ಇಂಚಿನ ಪಿವಿಸಿ ಪೈಪ್ ಇಳಿಸಿ. ಎಚ್‌ಡಿಎಂಐ ತಂತಿಯ ತಲೆ ದಪ್ಪ, ಮುಕ್ಕಾಲು ಇಂಚಿನ ಪೈಪಿನಲ್ಲಿ ತೂರುವುದಿಲ್ಲ. ಬಾಗುವ ಕಡೆ ಚೂಪಾದ ಮೊಣಕೈ ಹಾಕಿಸಬೇಡಿ, ನಿಧಾನವಾಗಿ ತಿರುಗುವ ಬೆಂಡ್ ಹಾಕಿಸಿ.

## ಹಾಕಿದ ಮೇಲೆ ಗಮನಿಸುವುದು

ಎರಡು ವಾರ ಮನೆಯವರನ್ನು ನೋಡುತ್ತಿರಿ, ಕೇಳಬೇಡಿ. ಟಿವಿ ಮೇಲಾಗಿದ್ದರೆ ಗಲ್ಲ ಎತ್ತಿರುತ್ತದೆ. ಜನ ಸೋಫಾದಲ್ಲಿ ಜಾರಿ ಜಾರಿ ಅರ್ಧ ಮಲಗುತ್ತಾರೆ. ತಲೆಯ ಹಿಂದೆ ದಿಂಬುಗಳ ಸಂಖ್ಯೆ ಹೆಚ್ಚುತ್ತದೆ. ಅಜ್ಜಿ ತಮ್ಮ ಕುರ್ಚಿಯನ್ನು ದಿನಕ್ಕೆ ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೊಂದು ಪರೀಕ್ಷೆ: ಕತ್ತಲೆಯ ದೃಶ್ಯ ಬಂದಾಗ ಕುಳಿತಲ್ಲಿಂದ ಎದ್ದು ನಿಲ್ಲಿ. ನಿಂತಾಗ ಕಪ್ಪು ಹೆಚ್ಚು ಕಪ್ಪಾಗಿ, ಬಣ್ಣ ಹೆಚ್ಚು ಗಾಢವಾಗಿ ಕಂಡರೆ ನೀವು ಇಷ್ಟು ದಿನ ಪರದೆಯನ್ನು ಕೆಳಗಿನಿಂದ ಓರೆಯಾಗಿ ನೋಡುತ್ತಿದ್ದೀರಿ. ಕೆಲವು ಬಗೆಯ ಎಲ್‌ಇಡಿ ಪರದೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ತಪ್ಪು ಹತ್ತು ಸೆಂಟಿಮೀಟರ್ ಒಳಗಿದ್ದರೆ ಬ್ರಾಕೆಟ್ ಬಾಗಿಸಿ ನೋಡಿ, ಅಥವಾ ಸ್ಕ್ರೂ ಫಲಕದ ಕೆಳಸಾಲಿನ ತೂತುಗಳಲ್ಲಿದ್ದರೆ ಮೇಲಿನ ಸಾಲಿಗೆ ಬದಲಿಸಿ, ಸ್ವಲ್ಪ ಇಳಿಯುತ್ತದೆ. ಅದಕ್ಕೂ ಹೆಚ್ಚಾದರೆ ಸಂಕೋಚ ಬಿಟ್ಟು ಇಳಿಸಿ. ಹಳೆಯ ತೂತುಗಳು ಟಿವಿಯ ಹಿಂದೆಯೇ ಮುಚ್ಚಿಹೋಗುವುದು ಹೆಚ್ಚು. ಹೊರಗೆ ಉಳಿದದ್ದಕ್ಕೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಬಣ್ಣ ಹಚ್ಚಿ. ಹೊಸ ತೂತು ಹಳೆಯದಕ್ಕಿಂತ ಕನಿಷ್ಠ ನಾಲ್ಕು ಬೆರಳು ದೂರವಿರಲಿ.

ಒಂದು ವಾರದ ಬಳಿಕ ಎಲ್ಲ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿದು ನೋಡಿ. ಕಣ್ಣಿನ ಎತ್ತರ, ಕೆಳ ಅಂಚು, ಏಳನೆಯ ಹಂತದ ಆ ಅಳತೆ, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಬದಿಗೆ ಅಂಟಿಸಿಡಿ. ಮುಂದಿನ ಟಿವಿ ಬಂದಾಗ ಮೂರನೆಯದನ್ನು ಮಾತ್ರ ಹೊಸದಾಗಿ ಅಳೆದು, ಕೆಳ ಅಂಚನ್ನು ಹೊಸ ಎತ್ತರಕ್ಕೆ ಲೆಕ್ಕ ಹಾಕಿದರೆ ಸಾಕು.